ಸುಮನಳ ಮಾತು ಯಾರ ಮನೆಯಲ್ಲಿತ್ತು

ಇವತ್ತು ಮಾಡಿದ ಕೆಲಸಗಳು: ನಲ್ಲಿ ಬರುವ ಮೊದಲೇ ಎದ್ದು ಕೊಡಗಳನ್ನು ಸಾಲಿಗಿಟ್ಟೆ, ನಿನ್ನೆಯ ಹುಳಿ ಮಜ್ಜಿಗೆಯನ್ನು ಹೊಸದೆಂದು ಹೇಳಿ ಯಜಮಾನರಿಗೆ ಬಡಿಸಿದೆ, ಬಾಲವಾಡಿಯ ಕೀಲಿಕೈಯನ್ನು ಆಯಾಳ ಕೈಗಿಟ್ಟು ರಜೆ ಹಾಕಿದೆ, ಎಸ್.ಟಿ. ಬಸ್ಸಿನಲ್ಲಿ ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಹೋಗಿ ಬಂದೆ. ಅಲ್ಲಿಯ ದವಾಖಾನೆಯಲ್ಲಿ ತಲೆ ತಗ್ಗಿಸಿದೆ. ಬರುವಾಗ ಎರಡು ಕಿಲೋ ಶೇಂಗಾ ತಂದೆ. ಇವುಗಳಲ್ಲಿ ತಲೆ ತಗ್ಗಿಸುವುದೊಂದೇ ನನಗೆ ರೂಢಿಯಿಲ್ಲದ ಕೆಲಸ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ಹದಿನಾಲ್ಕು ವರ್ಷಗಳಿಂದ ಬಾಲವಾಡಿಯ ಶಿಕ್ಷಕಿ ನಾನು. ನಲವತ್ತು ಮಕ್ಕಳು, ಎರಡು ಜಮಖಾನೆ, ಒಂದು ಗಂಟಲು. ಶಿಕ್ಷಕಿಯರಿಗೆ ಎಲ್ಲ ಮಕ್ಕಳೂ ಒಂದೇ ಎಂದು ಭಾಷಣ ಮಾಡುತ್ತೇವೆ. ನಿಜ ಹೇಳಬೇಕೆಂದರೆ, ಬಂದಿದ್ದರೂ ಬಂದಿಲ್ಲದಂತೆ ಕೂಡುವ ಮಗುವೇ ನಮಗೆ ಪ್ರಾಣ. ಕಿರಾಣಿ ಅಂಗಡಿಯ ಶಿವಪ್ಪನ ಮಗಳು ಸುಮನ ಅಂಥವಳು. ಅವಳಿಗೆ ಐದು ವರ್ಷ ತುಂಬುತ್ತ ಬಂದಿದೆ, ಅತ್ತವಳಲ್ಲ, ಚಾಡಿ ಹೇಳಿದವಳಲ್ಲ. ನನ್ನ ದಾಖಲೆ ಪುಸ್ತಕದಲ್ಲಿ ಎರಡು ವರ್ಷ 'ಶಾಂತ, ಗುಣವಂತೆ, ಜಾಣೆ, ಶಾಣ್ಯಾಕಿ' ಎಂದು ಬರೆದೆ. ಸಾಲದ್ದಕ್ಕೆ ಹೋದ ವರ್ಷದ ಸಮಾರಂಭದಲ್ಲಿ ಎಲ್ಲರಿಗಿಂತ ಸುಮ್ಮನಿದ್ದ ಮಗುವೆಂದು ಅವಳಿಗೊಂದು ಸ್ಟೀಲಿನ ಬಟ್ಟಲು ಇನಾಮು ಕೊಟ್ಟೆ.

ಸಂಶಯ ಬರಲಿಲ್ಲವೇ ಎಂದು ಕೇಳುತ್ತೀರಿ. ಗಡಿಯಾಚೆ ಮಹಾರಾಷ್ಟ್ರದಲ್ಲಿರುವ ನಮ್ಮ ಊರಿನ ವ್ಯವಸ್ಥೆ ನಿಮಗೆ ಗೊತ್ತಿಲ್ಲ. ಮನೆಯಲ್ಲಿ ಕನ್ನಡ, ಬಾಲವಾಡಿಯಲ್ಲಿ ಮೇಲಿನವರ ಅಪ್ಪಣೆಯಂತೆ ಮರಾಠಿ, ಬಜಾರದಲ್ಲಿ ಎರಡರ ಚಿತ್ರಾನ್ನ. ಹೀಗಾಗಿ ಹೊಸ ಮಗು ಸುಮ್ಮನಿದ್ದರೆ ಅದರ ಮಾತು ಮನೆಯಲ್ಲಿ ಭದ್ರವಾಗಿದೆ ಎಂದೇ ನಮ್ಮ ಲೆಕ್ಕ. ಎಷ್ಟೋ ಮಕ್ಕಳು ದೀಪಾವಳಿಯ ತನಕ ಮೂಕ. ಆಮೇಲೆ ಸುಮ್ಮನಾಗಿಸಲು ನಾಲ್ಕು ಜನ ಬೇಕು. ಸುಮನಳಿಗೆ ಎರಡು ದೀಪಾವಳಿ ಆಗಿಹೋಗಿದ್ದವು. ನಾನು ಎಣಿಸಿರಲಿಲ್ಲ.

ಹೋದ ವಾರ ಅವಳ ಅಜ್ಜಿ ಗೌರವ್ವ ಬಾಲವಾಡಿಯ ಬಾಗಿಲಿಗೇ ಬಂದು ನಿಂತಳು. ನಾಗಣಸೂರದ ಹೊಲದಲ್ಲಿ ಬೆಳೆದ ದನಿ ಅವಳದು.

"ಬಾಯಾರ, ಸಾಕ ಮಾಡ್ರಿ ನಿಮ್ಮ ಮರಾಠಿ! ಕಲಿಸಿ ಕಲಿಸಿ ನಮ್ಮ ಕೂಸಿನ ಕನ್ನಡಾ ಪೂರಾ ನುಂಗೀರಿ. ಮನ್ಯಾಗ 'ನೀರ', 'ಕೊಡ', ಇಷ್ಟ ಬಿಟ್ರ ಮತ್ತೊಂದ ಮಾತಿಲ್ಲ."

"ಅಯ್ಯ, ಇಲ್ಲಿ ಎಲ್ಲಿ ಮರಾಠಿ ಮಾತಾಡ್ತಾಳ ಅಜ್ಜಿ? ಮನ್ಯಾಗ ಕನ್ನಡ ಭರಪೂರ ಮಾತಾಡ್ತಾಳ ಅಂತ ನಾ ತಿಳಿದಿದ್ದೆ."

"ಸಾಲ್ಯಾಗ ಮರಾಠಿ ಪಟಪಟ ಅಂತಾಳ ಅಂತ ನಾವ ತಿಳಿದಿದ್ವಿ!"

ಬಂದ ಅತಿಥಿಗೆ ಪಕ್ಕದ ಮನೆಯವರು ಊಟ ಹಾಕಿರಬೇಕೆಂದು ಇಬ್ಬರೂ ನಂಬಿ ಕೂತ ನೆರೆಹೊರೆಯವರಂತೆ ಒಬ್ಬರ ಮುಖ ಒಬ್ಬರು ನೋಡಿದೆವು. ಕಿವಿ ಸರಿಯಿದೆಯೇ ಎಂದು ಕೇಳಿದೆ.

"ಕಿವಿಗೇನ ಧಾಡಿ? ಮೂರ ಮನಿ ಆಚೆ ಬೆಲ್ಲದ ಡಬ್ಬಿ ತೆಗದ್ರ ಓಡ್ತಾಳ." ಆಮೇಲೆ ಗೌರವ್ವನ ದನಿ ಮೊದಲ ಸಲ ಇಳಿಯಿತು. "ಅವರಪ್ಪ ಜೂನದಾಗ ದೊಡ್ಡ ಸಾಲಿಗಿ ಹಾಕಂಗಿಲ್ಲ ಅಂತಾನ್ರಿ. ದಡ್ಡ ಅದ, ಮಂದಿ ನಗತಾರ, ಮನ್ಯಾಗ ಇರಲಿ ಅಂತಾನ. ದಡ್ಡ ಅಲ್ರಿ ಅದು. ನನ್ನ ಚಷ್ಮಾ ಎಲ್ಲೆದ ಅಂತ ನನಗ ಗೊತ್ತಿರಂಗಿಲ್ಲ, ಅದಕ್ಕ ಗೊತ್ತಿರತದ."

ಅದಕ್ಕೇ ಇವತ್ತು ಗೌರವ್ವ, ಸುಮನ, ನಾನು ಮೂವರೂ ಸೊಲ್ಲಾಪುರಕ್ಕೆ ಹೋದದ್ದು. ಡಾಕ್ಟರಬಾಯಿ ನನ್ನ ಮದುವೆಯ ಸೀರೆಗಿಂತ ನಾಲ್ಕೈದು ವರ್ಷವಷ್ಟೇ ದೊಡ್ಡವಳಿರಬೇಕು. ಗೊಂಬೆ, ಚಮಚೆ, ಬಟ್ಟಲು ಮುಂದಿಟ್ಟು, "ಚಮಚಾ ಬಟ್ಟಲದಾಗ ಹಾಕು, ಗೊಂಬಿ ನನಗ ಕೊಡು" ಎಂದಳು. ಸುಮನ ಗೊಂಬೆ ಕೊಟ್ಟಳು. ಚಮಚೆ ಇದ್ದಲ್ಲೇ ಉಳಿಯಿತು. ಮರಾಠಿಯಲ್ಲಿ ಹೇಳಿದರೂ ಅಷ್ಟೇ. ಆಮೇಲೆ ಡಾಕ್ಟರಬಾಯಿ ನನ್ನತ್ತ ತಿರುಗಿದಳು.

"ಎರಡ ಶಬ್ದ ಕೂಡಿಸಿ ಎಂದಾದ್ರೂ ಅಂದಾಳೇನ್ರಿ? ನೀವ ಹೇಳಿದ್ರಾಗ ಎಷ್ಟ ತಿಳೀತದ? ಬೇಕಾದ್ದನ್ನ ಹೆಂಗ ಕೇಳ್ತಾಳ?"

ಸುಮನಳ ಫ್ರಾಕಿಗೆ ಎಷ್ಟು ಗುಂಡಿ ಇಲ್ಲವೆಂದು ನನಗೆ ಗೊತ್ತು. ನೆಗಡಿಯಾದರೆ ಮೂಗಿನ ಯಾವ ಹೊಳ್ಳೆ ಮೊದಲು ಸೋರುತ್ತದೆಂದೂ ಗೊತ್ತು. ಇದು ಗೊತ್ತಿರಲಿಲ್ಲ. "ಭಾಳ ಗುಣದ ಹುಡುಗಿರಿ" ಎಂದೆ. ಅದನ್ನು ಆಕೆ ಬರೆದುಕೊಳ್ಳಲಿಲ್ಲ.

"ಎರಡ ಭಾಷಾ ಕೇಳಿದ್ರ ಮಕ್ಕಳ ಮಾತ ನಿಲ್ಲೂದಿಲ್ಲ. ಹಂಗಿದ್ರ ಅರ್ಧ ಸೊಲ್ಲಾಪುರ ಮೂಕ ಆಗಬೇಕಿತ್ತು. ಒಂದರಾಗ ಇಲ್ಲಂದ್ರ ಇನ್ನೊಂದರಾಗ ಇರಬೇಕು. ಎರಡರಾಗೂ ಇಲ್ಲ ಅಂದ್ರ ಮಾತ ಕಲಿಯೂದ ಈಕಿಗೆ ತ್ರಾಸ ಅದ, ದಡ್ಡತನ ಅಲ್ಲ. ಸಾಲಿಗಿ ಹಾಕಲಿಕ್ಕೇ ಬೇಕು. ತಿಂಗಳಿಗೊಮ್ಮೆ ಇಲ್ಲಿ ಕರಕೊಂಡ ಬರ್ರಿ. ಸಣ್ಣ ಸಣ್ಣ ಮಾತ ಹೇಳ್ರಿ. ಏನರ ಕೇಳಿದ ಮ್ಯಾಲ ಮನಸಿನಾಗ ಹತ್ತರ ತನಕ ಎಣಸ್ರಿ. ನಡುವ ನೀವ ಉತ್ತರಾ ಕೊಡಬ್ಯಾಡ್ರಿ."

ಇದೇನು ಮಹಾ ಔಷಧ ಎಂದುಕೊಂಡೆ. ಮರಳಿ ಬರುವ ಬಸ್ಸಿನ ಕಿಟಕಿಗೆ ಪೇರಲ ಹಣ್ಣಿನವಳು ಬಂದಳು. "ಪೇರು ಬೇಕೇನ ಸುಮನಾ?" ಎಂದ ಗೌರವ್ವ ಅದೇ ಉಸಿರಿನಲ್ಲಿ "ಬೇಕಂತ" ಎಂದಳು. ದೊಡ್ಡದೋ ಸಣ್ಣದೋ ಎಂದು ಕೇಳಿ ದೊಡ್ಡದನ್ನು ಆರಿಸಿದವಳು ನಾನು. ಉಪ್ಪು ಹಚ್ಚಿದ್ದೇ ಬೇಕೆಂದು ತೀರ್ಮಾನಿಸಿದವನು ಕಂಡಕ್ಟರ್. ಎಣಿಸುವುದು ಯಾರಿಗೂ ನೆನಪಾಗಲಿಲ್ಲ. ಸುಮನ ಹಣ್ಣು ತಿಂದಳು.

ಊರಿಗಿಳಿದು ನೇರ ಅಂಗಡಿಗೆ ಹೋದೆವು. ಶಿವಪ್ಪ ತೊಗರಿಬೇಳೆ ತೂಗುತ್ತಿದ್ದ. ಡಾಕ್ಟರಬಾಯಿ ಹೇಳಿದ್ದನ್ನೆಲ್ಲ ಹೇಳಿದೆ. ಅವನು ತಕ್ಕಡಿಯಿಂದ ಕಣ್ಣೆತ್ತಲಿಲ್ಲ.

"ಎರಡ ವರ್ಷ ಶಾಣ್ಯಾಕಿ ಅಂತ ಬರದ್ರಿ. ಇನಾಮ ಕೊಟ್ರಿ. ಈಗ ಮಾತಿನ ತ್ರಾಸ ಅಂತೀರಿ. ಯಾವದ ಖರೆ ಬಾಯಾರ?"

ಗಿರಾಕಿಗಳು ಐದು ಜನ. ಅದರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿಗಳ ತಾಯಂದಿರು. ನಲವತ್ತು ಮಕ್ಕಳ ಗದ್ದಲ, ಮೇಲಿನವರ ಅಪ್ಪಣೆ, ಎಲ್ಲ ನೆಪಗಳೂ ನಾಲಿಗೆಯ ತುದಿಗೆ ಬಂದವು. ಗೌರವ್ವ ಮೊಮ್ಮಗಳ ಕೈಯನ್ನು ಬಿಗಿಯಾಗಿ ಹಿಡಿದು ನಿಂತಿದ್ದಳು.

"ಎರಡೂ ಖರೆ. ಶಾಣ್ಯಾಕಿ ಇದ್ದಾಳ, ಮಾತಿನ ತ್ರಾಸೂ ಅದ. ತಪ್ಪ ನಂದು. ಸುಮ್ಮ ಕೂತಾಳಂತ ಖುಷಿಯಾಗಿದ್ದೆ, ಯಾಕ ಅಂತ ಕೇಳಲಿಲ್ಲ. ದಡ್ಡತನ ನಂದು, ಆಕಿದಲ್ಲ."

ಗಿರಾಕಿಗಳಲ್ಲಿ ಒಬ್ಬಳು ಕಿಸಕ್ಕನೆ ನಕ್ಕಳು. ಶಿವಪ್ಪ ಬೇಳೆಯನ್ನು ಕಾಗದಕ್ಕೆ ಸುರಿದು, ದಾರ ಸುತ್ತಿ, ಗಂಟು ಹಾಕಿ, ಮತ್ತೊಂದು ಗಂಟು ಹಾಕಿದ. "ಆತ್ರಿ, ಜೂನದಾಗ ಹಾಕೂಣು. ಮಂದಿ ನಕ್ರ ನಿಮ್ಮ ಹೆಸರ ಹೇಳ್ತೀನಿ."

"ಹೇಳ್ರಿ" ಎಂದೆ. ಬೇರೆ ದಾರಿ ಎಲ್ಲಿತ್ತು?

ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾದ ಚಟ್ನಿ ಹಿಂಡಿ. ಉಣ್ಣುವಷ್ಟು ಹೊತ್ತೂ ಯಜಮಾನರಿಗೆ ಎಲ್ಲದರ ವರದಿ ಒಪ್ಪಿಸಿದೆ. ಹಾಸಿಗೆ ಹಾಸಿದ ಮೇಲೆ, ನಾಳೆಯಿಂದ ಬೇಕಾಗುವ ಅಭ್ಯಾಸ ಇವತ್ತೇ ಶುರುವಾಗಲಿ ಎಂದು, "ನಾನು ಒಳ್ಳೆಯ ಶಿಕ್ಷಕಿ ಹೌದೋ ಅಲ್ಲವೋ?" ಎಂದು ಕೇಳಿ ಮನಸ್ಸಿನಲ್ಲಿ ಎಣಿಸತೊಡಗಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷಗಳಲ್ಲಿ ಅವರಿಗೆ ಉತ್ತರಿಸಲು ಜಾಗ ಬಿಟ್ಟದ್ದು ಇದೇ ಮೊದಲು. ಪಾಪ, ಅವರಿಗೂ ಗಾಬರಿಯಾಗಿರಬೇಕು. ಏಳಕ್ಕೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು. ನಾನು ಪ್ರಾಮಾಣಿಕವಾಗಿ ಹತ್ತರವರೆಗೂ ಎಣಿಸಿ, ಕೊನೆಗೆ ಅವರ ಪರವಾಗಿ ನಾನೇ "ಹೌದು" ಎಂದು ಹೇಳಿಕೊಂಡೆ.