ಹತ್ತು ಹೆಜ್ಜೆ ಮುಂದೆ

ಬಿಲ್ಲೆಗಳು ಇಬ್ಬರ ಕೈಯಲ್ಲಿ ಒಂದೊಂದು ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಮರುಭೂಮಿಯ ಆ ಮೃಗಧಾಮದಲ್ಲಿ ಒಂದು ಪದ್ಧತಿಯಿತ್ತು. ಒಳಹೋಗುವ ಪ್ರತಿಯೊಬ್ಬರೂ ಬಾಗಿಲ ಪಕ್ಕದ ಹಲಗೆಯಿಂದ ಒಂದು ಹಿತ್ತಾಳೆ ಬಿಲ್ಲೆ ತೆಗೆದುಕೊಳ್ಳಬೇಕು, ಹೊರಬರುವಾಗ ಅದೇ ಕೊಕ್ಕೆಗೆ ತೂಗುಹಾಕಬೇಕು. ಸಂಜೆ ಅರವತ್ತು ಕೊಕ್ಕೆಗಳೂ ತುಂಬಿದ್ದರೆ ಒಳಗೆ ಮನುಷ್ಯರಿಲ್ಲ ಎಂದರ್ಥ. ಆಗ ಹೊರಬಾಗಿಲಿಗೆ ಬೀಗ.

"ಆರು ಗಂಟೆಗೆ ಒಳಬೇಲಿ ತೆಗೀತೀವಿ ಸಾರ್. ಆಮೇಲೆ ಮರಳೆಲ್ಲ ಕತ್ತೆಕಿರುಬಗಳದ್ದು," ಎಂದ ಕಾವಲುಗಾರ.

"ಅಚ್ಚುಕಟ್ಟು. ತಪ್ಪಾಗೋಕೆ ಅವಕಾಶವೇ ಇಲ್ಲ," ಎಂದು ಪರೀಕ್ಷಕ ತಲೆದೂಗಿದ. ತೂಕ ಮತ್ತು ಅಳತೆ ಇಲಾಖೆಯವನ ಬಾಯಿಂದ ಹೊಗಳಿಕೆ ಬರುವುದು ಅಪರೂಪ. ಮದುವೆಯಾದ ಇಪ್ಪತ್ತಾರು ವರ್ಷದಲ್ಲಿ ಹೆಂಡತಿಗೂ ಆ ಭಾಗ್ಯ ಸಿಕ್ಕಿರಲಿಲ್ಲ. ಐವತ್ತೇಳು, ಐವತ್ತೆಂಟು ಎರಡನ್ನೂ ಅವನು ತನ್ನ ಜೇಬಿಗಿಳಿಸಿದ.

"ನಂದು ನನಗೆ ಕೊಡ್ರೀ."

"ಕಳೆದುಬಿಡ್ತೀಯ. ಆವತ್ತು ಕೊಡೆ ಕಳೆದಿದ್ದು ಯಾರು?"

"ಅದಾಗಿ ಹನ್ನೊಂದು ವರ್ಷ ಆಯ್ತು."

"ವರ್ಷ ಆಗುತ್ತೆ, ಸ್ವಭಾವ ಹೋಗುತ್ತಾ?"

ಅವಳ ನೀರಿನ ಬಾಟಲಿ, ಟೋಪಿ, ಫೋನು ಎಲ್ಲವೂ ಆಗಲೇ ಅವನ ಹೆಗಲ ಚೀಲದಲ್ಲಿದ್ದವು.

ಬೆಳಿಗ್ಗೆ ಹೋಟೆಲಿನ ಕೋಣೆಯಲ್ಲಿ ಬಟ್ಟೆ ಮಡಿಸುತ್ತ ಅವಳು ಹೇಳಿದ್ದಳು: "ಎಲ್ಲಿಗೆ ಹೋದ್ರೂ ನೀವು ಹತ್ತು ಹೆಜ್ಜೆ ಮುಂದೆ. ಇವತ್ತೊಂದಿನ ನನ್ನ ಬಿಟ್ಟು ಹೋಗಬೇಡಿ. ಹೋದ್ರೆ, ನಾನು ಇಲ್ಲಿಂದ ಸೀದಾ ತಂಗಿ ಮನೆಗೆ ಹೋಗ್ತೀನಿ. ವಾಪಸ್ ಬರಲ್ಲ."

ಅವಳು ಕೂಗಾಡಿದ್ದರೆ ಅವನು ಹೆದರುತ್ತಿರಲಿಲ್ಲ. ಮಡಿಕೆಯ ಅಂಚನ್ನು ಅಂಚಿಗೆ ಸರಿಯಾಗಿ ಕೂಡಿಸುತ್ತ, ತಣ್ಣಗೆ ಹೇಳಿದ್ದಳು.

ಹಾಗಾಗಿ ನಾಲ್ಕೂವರೆಯವರೆಗೂ ಅವನು ಹಗ್ಗ ಹಾಕಿದ ಕರುವಿನಂತೆ ಅವಳ ಹಿಂದೆಯೇ ನಡೆದ. ಅವಳ ಮಂಡಿನೋವಿನ ವೇಗ ಗಂಟೆಗೆ ಎರಡು ಕಿಲೋಮೀಟರ್ ಎಂದು ಮನಸ್ಸಿನಲ್ಲೇ ಅಳೆದ, ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ಸುತ್ತಿದರೂ ಕತ್ತೆಕಿರುಬದ ಬಾಲವೂ ಕಾಣಲಿಲ್ಲ. ಕಂಡದ್ದು ಅದರ ಲದ್ದಿ ಮಾತ್ರ, ಸೀಮೆಸುಣ್ಣದಂತೆ ಬೆಳ್ಳಗೆ.

ಕೆಟ್ಟದ್ದು ಅಲ್ಲಿಂದಲೇ. ಪ್ರವಾಸದ ಗುಂಪಿನಲ್ಲಿ ನಿವೃತ್ತ ಪೋಸ್ಟ್ ಮಾಸ್ಟರೊಬ್ಬರಿದ್ದರು. ತಿಳಿಯದ ವಿಷಯದಲ್ಲಿ ಅವರಿಗೆ ಅನುಮಾನವೇ ಇರುತ್ತಿರಲಿಲ್ಲ. "ಅದು ಸುಣ್ಣದ ಕಲ್ಲು ತಿನ್ನುತ್ತೆ ಸ್ವಾಮಿ, ಅದಕ್ಕೇ ಬಿಳಿ," ಎಂದರು.

"ಕಲ್ಲಲ್ಲ, ಮೂಳೆ. ಮೂಳೆ ಅಗಿದು ಅರಗಿಸಿಕೊಳ್ಳುತ್ತೆ. ಉಳಿಯೋದು ಕ್ಯಾಲ್ಸಿಯಂ," ಎಂದ ಪರೀಕ್ಷಕ.

"ಹಾಗಾದ್ರೆ ಮನುಷ್ಯ ಸಿಕ್ಕಿದ್ರೆ ಏನೂ ಉಳಿಸಲ್ವೋ?"

"ಕೂದಲು ಉಳೀಬಹುದು."

"ನನಗೆ ಅದೂ ಇಲ್ಲ!" ಎಂದು ಪೋಸ್ಟ್ ಮಾಸ್ಟರು ಬೋಳುತಲೆ ಸವರಿಕೊಂಡು ಬಿರಬಿರನೆ ನಡೆದರು. ವಾದ ಮುಗಿಸದೆ ಬಿಡುವ ಜಾಯಮಾನ ಪರೀಕ್ಷಕನದಲ್ಲ. ಬೆನ್ನು ಹತ್ತಿದ. ಹಿಂದೆ ಬೆಂಚಿನ ಮೇಲೆ ಕೂರುತ್ತ ಹೆಂಡತಿ, "ರೀ, ಒಂದೈದು ನಿಮಿಷ," ಎಂದದ್ದು ಅವನ ಕಿವಿಗೆ ಬೀಳಲೇ ಇಲ್ಲ.

ಮೂಳೆಯ ರಸಾಯನಶಾಸ್ತ್ರ ಹೇಳುತ್ತಲೇ ಅವನು ಬಾಗಿಲು ದಾಟಿದ, ಎರಡು ಬಿಲ್ಲೆಗಳನ್ನೂ ಅವುಗಳ ಕೊಕ್ಕೆಗೆ ಹಾಕಿದ, ನಿಂತಿದ್ದ ಎರಡು ಬಸ್ಸುಗಳಲ್ಲಿ ಮೊದಲನೆಯದನ್ನು ಹತ್ತಿದ, ಸೀಟಿನ ಮೇಲೆ ಚೀಲವಿಟ್ಟ. ಕಿಟಕಿಯ ಪಕ್ಕ ಅವಳಿಗಿರಲಿ ಎಂದು ಉದಾರವಾಗಿ ಹಿಂದಿರುಗಿ ನೋಡಿದರೆ ಅವಳಿಲ್ಲ.

ಧಡಧಡನೆ ಇಳಿದ. ಅವನು ಇಳಿದದ್ದೇ ತಡ ಬಸ್ಸು ಹೊರಟಿತು. ಪೋಸ್ಟ್ ಮಾಸ್ಟರು ಕಿಟಕಿಯಿಂದ ತಲೆ ಹೊರಹಾಕಿ, "ಅಮ್ಮನೋರು ಹಿಂದಿನ ಬಸ್ಸಲ್ಲಿರ್ತಾರೆ ಬಿಡಿ ಸ್ವಾಮಿ!" ಎಂದು ಕೂಗಿದರು. ಚೀಲ, ನೀರು, ಎರಡು ಫೋನು, ಎಲ್ಲವೂ ಅವರೊಂದಿಗೇ ಹೋದವು.

ಅದು ಎಬ್ಬಿಸಿದ ಧೂಳಿನ ಮರೆಯಲ್ಲೇ ಅವನು ಹಿಂದಿನ ಬಸ್ಸಿನ ಕಿಟಕಿಗಳತ್ತ ಕಣ್ಣಾಡಿಸಿದ. ಅದರಲ್ಲಿ ಅವಳಿರಲಿಲ್ಲ.

"ನನ್ನ ಹೆಂಡತಿ ಒಳಗಿದಾಳೆ!" ಎಂದು ಕಾವಲುಗಾರನ ಬಳಿಗೆ ಓಡಿದ.

"ಅರವತ್ತೂ ಇದೆ ಸಾರ್."

"ಅವಳದ್ದು ನಾನೇ ಹಾಕಿಬಿಟ್ಟೆ."

"ತಪ್ಪಾಗೋಕೆ ಅವಕಾಶವೇ ಇಲ್ಲ ಅಂತ ಬೆಳಿಗ್ಗೆ ನೀವೇ ಹೇಳಿದ್ರಲ್ಲ?"

"ಅಯ್ಯೋ, ಆಗ ನಾನು ಲೆಕ್ಕದಲ್ಲಿರಲಿಲ್ಲ ಕಣಯ್ಯ!"

ಕಾವಲುಗಾರ ಸೈಕಲ್ಲಿನ ಬೀಗ ತೆಗೆಯುತ್ತಿದ್ದ. "ನನ್ನ ಪಾಳಿ ಮುಗೀತು, ಪುಸ್ತಕಕ್ಕೆ ಸಹಿಯೂ ಆಯ್ತು. ಈಗ ಬಿಲ್ಲೆ ಕೊಡೋ ಹಾಗಿಲ್ಲ. ಸುಮ್ಮನೆ ಹೋಗಿ ಬೇಗ ಕರ್ಕೊಂಡ್ ಬನ್ನಿ. ಬರೋನಿಗೆ ಹೇಳಿರ್ತೀನಿ."

ಒಳಗೆ ದಾರಿ ಲಾಳದಾಕಾರದಲ್ಲಿತ್ತು. ಲದ್ದಿ ಕಂಡ ಜಾಗಕ್ಕೆ ಮೆಟ್ಟಿಲುಗಳಿರುವ ಎಡದ ದಾರಿ ಹತ್ತಿರ, ಸಮತಟ್ಟಾದ ಬಲದ ದಾರಿ ದೂರ. ಅವನು ಎಡಕ್ಕೆ ಓಡಿದ. ನೀರಿಲ್ಲದೆ, ಟೋಪಿಯಿಲ್ಲದೆ ಅವಳು ಎಲ್ಲಿ ಬಿದ್ದಿರುವಳೋ ಎಂದು ದಾರಿಯ ಎರಡೂ ಬದಿ ಇಣುಕುತ್ತ ಹೋದ. ಸಿಕ್ಕರೆ ಮೊದಲು ಕ್ಷಮೆ ಕೇಳುವುದು, ಆಮೇಲೆ ಕೈ ಹಿಡಿದು ಅವಳ ಹಿಂದೆಯೇ ನಡೆಯುವುದು, ಜೀವನವಿಡೀ ಗಂಟೆಗೆ ಎರಡೇ ಕಿಲೋಮೀಟರ್. ಇಷ್ಟು ನಿಶ್ಚಯಿಸುವಷ್ಟರಲ್ಲಿ ಬೆಂಚು ಬಂತು. ಖಾಲಿ.

ಪಕ್ಕದ ವೀಕ್ಷಣಾ ಗೋಪುರ ಹತ್ತಿದ. ಅಲ್ಲಿ ಪ್ರಾಣಿಗಳನ್ನು ನೋಡಲೆಂದು ದೂರದರ್ಶಕವೊಂದನ್ನು ಕಂಬಕ್ಕೆ ಬಿಗಿದಿದ್ದರು. ಸುತ್ತ ತಿರುಗಿಸಿದ. ಮರಳು, ಮುಳ್ಳುಗಿಡ, ಮರಳು, ಹೊರಬಾಗಿಲು.

ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಮಂಡಿನೋವಿನವಳು ಮೆಟ್ಟಿಲು ಬೇಡವೆಂದು ಬಲದ ದಾರಿಯಲ್ಲಿ ಬಂದಿದ್ದಳು.

ಮಸೂರ ಅತ್ಯುತ್ತಮವಾಗಿತ್ತು. ಹಳೆಯ ಕಾವಲುಗಾರನ ಸೈಕಲ್ಲು ಅಲ್ಲಿರಲಿಲ್ಲ; ಹೇಳಲು ಮರೆತೇ ಹೋಗಿದ್ದನೇನೋ, ಹೊಸ ಕಾವಲುಗಾರ ಅವಳ ಬಿಲ್ಲೆ ಕೇಳಿದ್ದು ಕಂಡಿತು. ಅವಳು ಹಲಗೆ ನೋಡಿದಳು. ಬೆರಳು ಮೊದಲು ಐವತ್ತೆಂಟನ್ನು ಮುಟ್ಟಿತು, ಆಮೇಲೆ ಐವತ್ತೇಳನ್ನು. ಬಸ್ಸಿನಿಂದ ಯಾರೋ ಕೈಚಾಚಿ ರಸ್ತೆಯ ಕಡೆ ತೋರಿಸಿದರು. ನಿಮ್ಮವರು ಮುಂದಿನ ಬಸ್ಸು ಹತ್ತಿದ್ದನ್ನು ಕಣ್ಣಾರೆ ಕಂಡೆವು ಎನ್ನುತ್ತಿರಬೇಕು. ಅದು ಸುಳ್ಳೂ ಅಲ್ಲ.

ಅವಳು ಅಳಲಿಲ್ಲ. ಬೆಳಿಗ್ಗೆ ಬಟ್ಟೆ ಮಡಿಸುವಾಗ ಇದ್ದ ಅದೇ ಮುಖ. ಒಮ್ಮೆ ತಲೆಯಾಡಿಸಿ ಬಸ್ಸು ಹತ್ತಿದಳು. ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು.

ಪರೀಕ್ಷಕ ಕೂಗಿದ. ಒಣಗಿದ ಗಂಟಲಿಂದ ಹೊರಟ ಸದ್ದು ಗೋಪುರದ ಮೆಟ್ಟಿಲನ್ನೂ ಇಳಿಯಲಿಲ್ಲ. ಬಸ್ಸು ಧೂಳೆಬ್ಬಿಸಿ ಹೋಯಿತು. ಹೊಸ ಕಾವಲುಗಾರ ಕೊಕ್ಕೆಗಳ ಮೇಲೆ ಬೆರಳಾಡಿಸಿ ಅರವತ್ತನ್ನೂ ಎಣಿಸಿದ, ತೃಪ್ತಿಯಿಂದ ಬೀಗ ಜಡಿದ.

ಒಳಬೇಲಿಯ ಕಡೆಯಿಂದ ಕಬ್ಬಿಣ ಸರಿಯುವ ಸದ್ದು ಬಂತು. ಅವನು ಗಡಿಯಾರ ನೋಡಿದ. ಸರಿಯಾಗಿ ಆರು, ಒಂದು ಸೆಕೆಂಡೂ ಆಚೀಚೆಯಿಲ್ಲ.

ದಿನವಿಡೀ ಹೆಂಡತಿ ಕಾದರೂ ಕಾಣದಿದ್ದ ಕತ್ತೆಕಿರುಬ ಗೋಪುರದ ಕೆಳಗೆ ಬಂದು, ಕತ್ತೆತ್ತಿ ಅವನನ್ನು ನೋಡಿತು. ಅದನ್ನು ನೋಡಲು ದೂರದರ್ಶಕ ಬೇಕಾಗಲಿಲ್ಲ.