ನೆಲ ಮುಟ್ಟದ ಕುಕ್ಕರ್

ಪ್ಯೋ ದೊಂಗ್‌ಚಲನ ತಾಯಿ ಅನ್ನದ ಕುಕ್ಕರಿಗೆ ಕಂಠಮಟ್ಟ ಅಕ್ಕಿ ತುಂಬಿ, ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಬೆಳಗ್ಗೆ ಎದ್ದವನೇ ಹಲ್ಲುಜ್ಜುತ್ತಿದ್ದ ಮಗನ ಕೈಗೆ ಕೊಟ್ಟಳು. ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದ.

"ಇವತ್ತು ಪೀಡೆ ಇಲ್ಲದ ದಿನ. ದಿಕ್ಕುದಿಕ್ಕಿಗೂ ಕಾದು ಕೂತಿರೋ ಪೀಡೆಗಳೆಲ್ಲ ಇವತ್ತು ಮೇಲಕ್ಕೆ ಹೋಗಿರ್ತವೆ. ಸಾಮಾನು ಮುಂದಿನ ತಿಂಗಳು ಬಂದ್ರೂ ನಡೀತದೆ. ಕುಕ್ಕರ್ ಮಾತ್ರ ಇವತ್ತೇ ಹೊತ್ತು ಮುಳುಗೋದ್ರೊಳಗೆ ಹೊಸ ಮನೇಲಿ ಇರಬೇಕು."

"ಅಮ್ಮಾ, ಮನೆಯೇ ಇನ್ನೂ ಗೊತ್ತಾಗಿಲ್ಲ."

"ಗೊತ್ತು ಮಾಡೋಕೇ ತಾನೇ ನೀನು ಹೋಗ್ತಿರೋದು? ದಾರೀಲಿ ಎಲ್ಲೂ ನೆಲ ಮುಟ್ಟಿಸ್ಬೇಡ. ಎಲ್ಲಿ ಮೊದಲು ಮುಟ್ಟುತ್ತೋ ಅದೇ ನಮ್ಮ ಮನೆ. ಇಟ್ಟ ಮೇಲೆ ಎತ್ತಿದ್ರೆ ನಿನಗೆ ಅಮ್ಮ ಇಲ್ಲ ಅಂದ್ಕೋ."

ಇದು ಶಾಸ್ತ್ರದಲ್ಲಿ ಎಷ್ಟಿದೆಯೋ, ತಾಯಿ ಎಷ್ಟು ಸೇರಿಸಿದಳೋ ದೊಂಗ್‌ಚಲನಿಗೆ ಗೊತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಅವನು ಇಂಚೆಯಾನಿನ ಒಂದು ಸೋಯಾ ಸಾಸ್ ಕಂಪನಿಯಲ್ಲಿ ಲೆಕ್ಕ ಬರೆಯುವವನು. ಚುಂಗ್ಜು ಶಾಖೆಗೆ ವರ್ಗವಾಗಿತ್ತು. ಮನೆ ಹೇಗಿರಬೇಕೆಂದು ಮನೆಯವರೆಲ್ಲ ಹೇಳಿಯಾಗಿತ್ತು. ತಾಯಿಗೆ ನಾಲ್ಕನೇ ಮಹಡಿ ಆಗದು, ಅದು ಸಾವಿನ ಸಂಖ್ಯೆ. ಹೆಂಡತಿ ಉನ್‌ಸಿಲ್‌ಗೆ ದಕ್ಷಿಣದ ಬಿಸಿಲು ಬೇಕು, ಎದುರಿಗೇ ಶಾಲೆ ಬೇಕು. ಮಗಳಿಗೆ ಚಿಲಕವಿರುವ ಒಂದು ಕೋಣೆ ಸಾಕು. ದೊಂಗ್‌ಚಲನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವನು ಒಂದೇ ಮಾತು ಹೇಳುತ್ತಿದ್ದ: ತಾಕ್ ಸಾಹೇಬರ ಮನೆಯಿಂದ ದೂರ.

ತಾಕ್ ಸಾಹೇಬರು ಚುಂಗ್ಜು ಶಾಖೆಯ ಮುಖ್ಯಸ್ಥರು. ಒಳ್ಳೆಯವರು, ಅದೇ ಕಷ್ಟ. ಕೆಟ್ಟವರಾಗಿದ್ದರೆ ಜನ ದೂರವಿರಬಹುದಿತ್ತು. ಅವರಿಗೆ ಬೆಟ್ಟ ಹತ್ತುವ ಹುಚ್ಚು. ಅವರಿದ್ದ ಕಟ್ಟಡದಲ್ಲೇ ಬಾಡಿಗೆಗಿದ್ದ ಕೈಕೆಳಗಿನವರನ್ನೆಲ್ಲ ಭಾನುವಾರ ನಸುಕಿಗೇ ಬಾಗಿಲು ತಟ್ಟಿ ಎಬ್ಬಿಸಿ ಬೆಟ್ಟಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ವರ್ಷ ಮೊದಲೇ ಅಲ್ಲಿಗೆ ಹೋಗಿದ್ದ ಗೆಳೆಯ ಯೋ ಫೋನಿನಲ್ಲಿ ಅತ್ತೇ ಬಿಟ್ಟಿದ್ದ. "ಊರಲ್ಲಿ ಎಲ್ಲಿ ಬೇಕಾದ್ರೂ ಮನೆ ಮಾಡು ಮಾರಾಯ. ಸ್ಮಶಾನದ ಪಕ್ಕ ಮಾಡು. ಅವರ ಕಟ್ಟಡದಲ್ಲಿ ಮಾತ್ರ ಬೇಡ. ನನ್ನ ಮಂಡಿ ನೋಡು." ಫೋನಿನಲ್ಲಿ ಮಂಡಿ ಕಾಣದಿದ್ದರೂ ದೊಂಗ್‌ಚಲನಿಗೆ ಕಂಡಂತಾಯಿತು. ಭಾನುವಾರ ಮಧ್ಯಾಹ್ನದವರೆಗೆ ಮಲಗುವುದು ಬಿಟ್ಟರೆ ಅವನಿಗೆ ಬೇರೆ ಆಸ್ತಿ ಇರಲಿಲ್ಲ.

ಬಸ್ಸಿನಲ್ಲಿ ಕುಕ್ಕರ್ ತೊಡೆಯ ಮೇಲೆ ಕೂತು ಬಂತು. ಚುಂಗ್ಜು ತಲುಪುವ ಹೊತ್ತಿಗೆ ಅವನ ಕಾಲು ಜೋಮು ಹಿಡಿದಿತ್ತು, ಮೂತ್ರಕ್ಕೂ ಅವಸರವಾಗಿತ್ತು. ಕುಕ್ಕರ್ ಇಡುವಂತಿಲ್ಲ, ಹಿಡಿದರೆ ಕೈ ಖಾಲಿಯಿಲ್ಲ. ಎರಡು ಸಲ ಶೌಚಾಲಯದ ಬಾಗಿಲವರೆಗೆ ಹೋಗಿ ವಾಪಸು ಬಂದ. ಕೊನೆಗೆ ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರ ತೊಡೆಯ ಮೇಲೆ ಅದನ್ನಿಟ್ಟು, "ತಾತಾ, ನೆಲಕ್ಕೆ ಮಾತ್ರ ಇಡಬೇಡಿ" ಎಂದು ಓಡಿದ.

ಬರುವಷ್ಟರಲ್ಲಿ ನೂರನೇ ದಿನದ ಹಬ್ಬದ ಕೂಸಿನ ಹಾಗೆ ಕುಕ್ಕರ್ ಒಬ್ಬರ ತೊಡೆಯಿಂದ ಇನ್ನೊಬ್ಬರ ತೊಡೆಗೆ ಹೋಗುತ್ತಿತ್ತು. ಬೆಂಚು ತುಂಬ ಜನ.

"ಮನೆ ಹುಡುಕ್ತಿದ್ದೀಯಾ ಮಗಾ? ನದಿ ದಡದಲ್ಲಿ ಮಾಡು. ಮಂಜು ಬರುತ್ತೆ ನಿಜ, ಮೀನೂ ಬರುತ್ತೆ."

"ಅಲ್ಲಿ ಮನೆ ಮಾಡಿ ಇವನು ಮೂವತ್ತು ವರ್ಷದಿಂದ ಕೆಮ್ತಿದ್ದಾನೆ. ಇವನ ಮಾತು ಕೇಳ್ಬೇಡ."

"ನಾನು ಕೆಮ್ಮೋದು ನಿನ್ನ ಮಾತು ಕೇಳಿ!"

ಅಷ್ಟರಲ್ಲಿ ಮನೆ ತೋರಿಸಬೇಕಿದ್ದ ದಲ್ಲಾಳಿ ಬಾಂಗ್ ಬಂದು ಅವನ ತೋಳು ಹಿಡಿದು ಎಳೆದಳು. ಗುಂಗುರು ಕೂದಲಿನ, ಗಂಟಲು ದೊಡ್ಡದಾದ ಹೆಂಗಸು. "ಬನ್ನಿ ಅಣ್ಣಾ, ಬೇಗ ಬನ್ನಿ. ಇವತ್ತು ಊರಿಗೆ ಊರೇ ಕುಕ್ಕರ್ ಹೊತ್ಕೊಂಡು ಓಡಾಡ್ತಿದೆ. ತಡ ಮಾಡಿದ್ರೆ ಒಳ್ಳೆ ಮನೆಗಳೆಲ್ಲ ಬೇರೆಯವರ ಅಕ್ಕಿ ತಿಂತವೆ."

ಮೊದಲ ಮನೆ ಕೋಳಿ ಕರಿಯುವ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗಲೇ ಅಂಗಡಿಯವಳು ಅಡ್ಡ ನಿಂತಳು. "ಕುಕ್ಕರ್ ಇಡೋಕೆ ಬಂದ್ರಾ? ಇಡಿ, ಸಂತೋಷ. ಮೇಲಿದ್ದವರು ಹೋಗೋವಾಗ ಒಬ್ಬೊಬ್ಬರೂ ಇಷ್ಟಿಷ್ಟು ದಪ್ಪ ಆಗಿದ್ರು. ಬಾಗಿಲಲ್ಲಿ ಅಡ್ಡ ತಿರುಗಿ ಇಳಿದ್ರು." ದೊಂಗ್‌ಚಲ್ ಇಳಿದುಬಿಟ್ಟ.

ಎರಡನೆಯದು ಐದನೇ ಮಹಡಿ ಎಂದಿದ್ದಳು ಬಾಂಗ್. ಹೆಜ್ಜೆ ಹಾಕಿ ಎಣಿಸಿದರೆ ನಾಲ್ಕು. ಮೂರನೆಯದಾದ ಮೇಲೆ ಗೋಡೆಗೆ ನೇರ ಐದು ಎಂದು ಬರೆದಿದ್ದರು.

"ಬರೆದಿರೋದನ್ನ ನೋಡಿ ಅಣ್ಣಾ, ಎಣಿಸೋಕೆ ಯಾಕೆ ಹೋಗ್ತೀರ?"

"ಎಣಿಸೋದೇ ನನ್ನ ಕೆಲಸ ಅಕ್ಕಾ. ನಮ್ಮಮ್ಮನೂ ಎಣಿಸ್ತಾಳೆ."

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಎರಡು ಕೈಯಲ್ಲೂ ಕುಕ್ಕರ್. ಬಾಂಗ್ ಅದನ್ನು ತೆಗೆದು, ಅವನ ಕಿವಿಗೊತ್ತಿ, ತನ್ನ ಕಿವಿಯನ್ನೂ ಹತ್ತಿರ ತಂದಳು.

"ಏನಪ್ಪಾ ಪ್ಯೋ, ಊರಿಗೆ ಬಂದೆಯಾ?" ತಾಕ್ ಸಾಹೇಬರು ಏದುಸಿರು ಬಿಡುತ್ತಿದ್ದರು. "ನಮ್ಮ ಕಟ್ಟಡದಲ್ಲಿ ಹನ್ನೊಂದನೇ ಮಹಡೀಲಿ ಒಂದು ಮನೆ ಖಾಲಿ ಆಗ್ತಿದೆ. ದಕ್ಷಿಣಕ್ಕೆ ಮುಖ, ಎದುರಿಗೇ ಶಾಲೆ. ಗುರುತಿನವರಿಗೇ ಸಿಗಲಿ ಅಂತ ನಿನಗಾಗಿ ಹಿಡಿದಿಟ್ಟಿದ್ದೀನಿ. ಹೋಗಿ ನೋಡು. ನನ್ನ ಕೈ ಖಾಲಿ ಇಲ್ಲ, ಇಡ್ತೀನಿ."

ದೊಂಗ್‌ಚಲನ ಮುಖ ಬಾಡಿದ ಮೂಲಂಗಿಯ ಹಾಗಾಯಿತು. ಬಾಂಗ್‌ಳ ಮುಖ ಅರಳಿತು. "ಅಯ್ಯೋ, ಆ ಮನೆಯಾ! ಬೀಗದ ಕೈ ನನ್ನ ಹತ್ರಾನೇ ಇದೆ. ಮೊದಲೇ ಹೇಳೋದಲ್ವಾ?"

ಹಿಂದೆಯೇ ಹೆಂಡತಿಯ ಫೋನು ಬಂತು. ಸಾಹೇಬರು ಬೆಳಗ್ಗೆಯೇ ಅವಳಿಗೂ ಹೇಳಿದ್ದರು. "ರೀ, ಆ ಮನೆ ನೋಡಿದ್ರಾ?"

"ನೋಡಿದೆ" ಎಂದ ದೊಂಗ್‌ಚಲ್. "ಜಿರಲೆ."

"ಹನ್ನೊಂದನೇ ಮಹಡೀಲಾ?"

"ಲಿಫ್ಟಲ್ಲಿ ಬರ್ತವೆ."

ಫೋನು ಹಿಡಿದಿದ್ದ ಬಾಂಗ್ ಅವನನ್ನೇ ನೋಡುತ್ತಿದ್ದಳು. ಅವನನ್ನು ಸೀದಾ ಆ ಕಟ್ಟಡದ ಗೇಟಿಗೆ ಕರೆದುಕೊಂಡು ಹೋದಳು.

ಗೇಟಿನಲ್ಲಿ ಕಾವಲಿನ ಮುದುಕ ಎದ್ದು ಬಂದ. "ಹನ್ನೊಂದನೇ ಮಹಡಿಗಾ? ಹೋಗಿ ಹೋಗಿ, ಬೆಳಗ್ಗೆಯಿಂದ ಗಂಟು ಕಟ್ತಿದ್ದಾರೆ. ಪಾಪ, ಕೈ ನಡುಗ್ತಿದೆಯಲ್ಲ ನಿಮಗೆ. ಕೊಡಿ ಇಲ್ಲಿ, ಕೆಳಗಿಡ್ತೀನಿ." ಕುಕ್ಕರಿಗೆ ಕೈ ಹಾಕಿಯೇ ಬಿಟ್ಟ.

"ಬೇಡ!" ಎಂದು ದೊಂಗ್‌ಚಲ್ ಕಿರುಚಿದ ಸದ್ದಿಗೆ ಪಾರಿವಾಳಗಳು ಹಾರಿದವು. ಅವನು ಎಳೆದ, ಮುದುಕ ಎಳೆದ. ಗಂಟು ಸಡಿಲವಾಗಿ ಒಂದು ಹಿಡಿ ಅಕ್ಕಿ ಚೆಲ್ಲಿತು. ಕುಕ್ಕರ್ ನೆಲಕ್ಕೆ ಒಂದು ಗೇಣು ಮೇಲೆ ತೂಗಾಡಿತು.

"ಏನಯ್ಯಾ, ಒಳಗೆ ಬಾಂಬ್ ಇದೆಯಾ?"

ಆಗ ದೊಂಗ್‌ಚಲನ ಕಣ್ಣು ಮೇಲೆ ಹೋಯಿತು. ಹನ್ನೊಂದನೇ ಮಹಡಿಯ ಬಾಲ್ಕನಿಯಲ್ಲಿ ಬೆಟ್ಟ ಹತ್ತುವ ಟೋಪಿಯೊಂದು ಒಣಗುತ್ತಿತ್ತು. ಸಾಹೇಬರದೇ ಮಹಡಿ! ಒಂದೇ ಗೋಡೆಯ ಆಚೆ! ಅವನು ಕುಕ್ಕರನ್ನು ಎದೆಗವಚಿಕೊಂಡು ಓಡಿದ. ಬಾಂಗ್ ಕೂಗುತ್ತ ಹಿಂದೆ ಓಡಿದಳು. ರಸ್ತೆಯ ಬದಿಯ ಸೇಬಿನ ಮರಗಳ ಕೆಳಗೆ ಜನ ನಿಂತು ನೋಡಿದರು. ಕಳ್ಳನೇ ಇರಬೇಕು, ಆದರೆ ಕದ್ದದ್ದು ಕುಕ್ಕರ್ ಯಾಕೆ ಎಂಬುದೊಂದೇ ಅವರ ಅನುಮಾನ.

"ಅಕ್ಕಾ," ಎಂದ ಅವನು ಕೊನೆಗೆ ಉಸಿರು ಸಿಕ್ಕಾಗ, "ಈ ಕಟ್ಟಡದಿಂದ ಊರಲ್ಲೇ ಅತ್ಯಂತ ದೂರ ಇರೋ ಮನೆ ಯಾವುದು?"

ಬಾಂಗ್ ದಲ್ಲಾಳಿಯಾಗಿ ಹಲವು ಪ್ರಶ್ನೆ ಕೇಳಿದ್ದಳು, ಇದನ್ನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಅವನನ್ನು ಕೊನೆಯ ನಿಲ್ದಾಣದವರೆಗೂ ಬಸ್ಸಿನಲ್ಲಿ ಕರೆದೊಯ್ದಳು.

ಅದು ಬೆಟ್ಟದ ಬುಡದಲ್ಲಿ ಗಿಡ್ಡ ಗೋಡೆಯ ಹಿಂದಿದ್ದ ಹಳೆಯ ಹೆಂಚಿನ ಮನೆ. ಬಿಸಿಲು ಇರಲಿಲ್ಲ, ಬಾಗಿಲು ಉತ್ತರಕ್ಕೆ. ಶಾಲೆಗೆ ಎರಡು ಬಸ್ಸು ಬದಲಾಯಿಸಬೇಕು. ಕೋಣೆಗಳಿಗೆ ಕಾಗದದ ಬಾಗಿಲು, ಚಿಲಕವಿಲ್ಲ. ಮನೆಯೊಡತಿ ಅಜ್ಜಿ ನಾಚಿಕೊಂಡೇ ತೋರಿಸಿದಳು. "ಇಲ್ಲಿಗೆ ಯಾರೂ ಬರಲ್ಲ ಮಗನೇ."

"ಯಾರೂ ಬರಲ್ವಾ ಅಜ್ಜೀ?"

"ಒಂದು ನಾಯಿ ಬರ್ತಿತ್ತು. ಅದೂ ಬಿಟ್ಬಿಡ್ತು."

ದೊಂಗ್‌ಚಲನ ಕಣ್ಣು ತುಂಬಿ ಬಂತು. ಹೊತ್ತು ಬೆಟ್ಟದ ಹಿಂದೆ ಜಾರುತ್ತಿತ್ತು. ಅವನು ಅಡುಗೆಮನೆಗೆ ಹೋಗಿ ಮಂಡಿಯೂರಿ ಕುಕ್ಕರನ್ನು ನೆಲಕ್ಕಿಟ್ಟ. ಕೈಗಳು ಮಾತ್ರ ಇನ್ನೂ ಕುಕ್ಕರ್ ಹಿಡಿದ ಹಾಗೆಯೇ ದುಂಡಗೆ ನಿಂತಿದ್ದವು. ಹಾಗೆಯೇ ಅಂಗಳಕ್ಕೆ ಬಂದು, ಬರಲಿರುವ ಭಾನುವಾರಗಳನ್ನೆಲ್ಲ ನೆನೆದು ನಕ್ಕ.

ಪಕ್ಕದ ಅಂಗಳದಲ್ಲಿ ಯಾರೋ ಏದುಸಿರು ಬಿಟ್ಟರು. ಗಿಡ್ಡ ಗೋಡೆಯ ಮೇಲೆ ಮೊದಲು ಒಂದು ಅನ್ನದ ಕುಕ್ಕರ್ ಕಂಡಿತು. ಅದರ ಹಿಂದೆ ತಾಕ್ ಸಾಹೇಬರ ಮುಖ.

"ಪ್ಯೋ!"

"ಸಾ... ಸಾರ್."

"ನೀನಿಲ್ಲಿ? ನಾನು ಬೆಳಗ್ಗೆಯಿಂದ ಇದನ್ನ ಹೊತ್ಕೊಂಡು ಅಲೀತಿದ್ದೀನಿ. ನಮ್ಮವಳು ನೆಲ ಮುಟ್ಟಿಸ್ಬೇಡ ಅಂದಳು. ಆ ಕಟ್ಟಡದ ಸಹವಾಸ ಸಾಕಾಯ್ತು ಕಣಯ್ಯಾ, ಬೆಟ್ಟಕ್ಕೆ ಬರೋಕೆ ಕಾರು ಬೇಕು. ಇಲ್ಲಾದ್ರೆ ಹಿತ್ತಲ ಬಾಗಿಲು ತೆಗೆದ್ರೆ ಬೆಟ್ಟ! ಅದಕ್ಕೇ ನನ್ನ ಮನೆ ನೀನು ತಗೋ ಅಂತ ಹೇಳಿದ್ದು. ನನ್ನದು ಅಂದ್ರೆ ಸಂಕೋಚಪಡ್ತೀಯ ಅಂತ ಹೆಸರು ಹೇಳಲಿಲ್ಲ."

ದೊಂಗ್‌ಚಲ್ ಒಳಗೆ ಓಡಿ ಕುಕ್ಕರಿಗೆ ಕೈ ಹಾಕಿದ. ಅಜ್ಜಿ ಆ ಕೈಗೆ ಒಂದು ಏಟು ಕೊಟ್ಟಳು. "ಇಟ್ಟ ಕುಕ್ಕರ್ ಎತ್ತೋದಾ? ನಿನಗೆ ಅಮ್ಮ ಇಲ್ವಾ?"

ಅವನು ತಲೆ ತಗ್ಗಿಸಿ ವಾಪಸು ಅಂಗಳಕ್ಕೆ ಬಂದ. ಸಾಹೇಬರು ಅಲ್ಲೇ ನಿಂತಿದ್ದರು.

"ಅಂದ ಹಾಗೆ, ಆಮೇಲೆ ನೀನು ಫೋನ್ ಎತ್ತಲಿಲ್ಲ ಅಂತ ನಿನ್ನ ಹೆಂಡತಿಗೆ ಮಾಡಿದ್ದೆ. ನನ್ನ ಮನೇಲಿ ಜಿರಲೆ ಇದೆ ಅಂದೆಯಂತೆ." ಅವರು ಕುಕ್ಕರನ್ನು ಇನ್ನೊಂದು ತೋಳಿಗೆ ಬದಲಾಯಿಸಿದರು. "ಇಷ್ಟು ವರ್ಷ ಇದ್ದೆ, ಒಂದೂ ಕಣ್ಣಿಗೆ ಬೀಳಲಿಲ್ಲ. ಇರಲಿ. ಭಾನುವಾರ ಬೆಟ್ಟ ಹತ್ತೋವಾಗ ನಿಧಾನವಾಗಿ ಮಾತಾಡೋಣ. ಗೋಡೆ ಗಿಡ್ಡ ಇದೆ, ಒಂದು ಕೂಗು ಹಾಕಿದ್ರೆ ಸಾಕು. ಅಲ್ಲಾದ್ರೆ ಯೋನ ಬಾಗಿಲು ತಟ್ಟಿ ತಟ್ಟಿ ಕೈ ನೋವು. ಇನ್ನು ಅವನು ಮಲಗಲಿ ಬಿಡು. ನೀನಿದ್ದೀಯಲ್ಲ."

ಆಗ ತಾಯಿಯ ಫೋನು ಬಂತು.

"ಇಟ್ಟೆಯಾ ಮಗನೇ?"

"ಇಟ್ಟೆ ಅಮ್ಮಾ."

"ಮನೆ ಹೇಗಿದೆ?"

"ನಾಲ್ಕನೇ ಮಹಡಿ ಅಲ್ಲ."

"ಪಕ್ಕದ ಮನೆಯವರು?"

ದೊಂಗ್‌ಚಲ್ ಗೋಡೆಯ ಕಡೆ ನೋಡಿದ. ಸಾಹೇಬರು ಕುಕ್ಕರ್ ಒಳಗಿಟ್ಟು ಬಂದು, ಬೆಟ್ಟಕ್ಕೆ ಮುಖ ಮಾಡಿ ಮಂಡಿ ಬಗ್ಗಿಸಿ ನಿಮಿರಿಸುತ್ತಿದ್ದರು.

"ಗುರುತಿನವರೇ."

"ನೋಡಿದೆಯಾ?" ಎಂದಳು ತಾಯಿ ತೃಪ್ತಿಯಿಂದ. "ಪೀಡೆ ಇಲ್ಲದ ದಿನ ಹೋಗು ಅಂದಿದ್ದು ಇದಕ್ಕೇ."