ಧ್ಯಾನಪ್ರಕರಣ

ಬರೀ ಎರಡು ಪುಟ ಬರೆದುಕೊಡಿ ಎಂದು ಕೇಳಿದ್ದೇ ನರಸಿಂಹಪ್ಪನವರಿಗೆ ಮಾಡಿದ ಅವಮಾನ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮೇಷ್ಟ್ರು ಅವರು. ರಜೆ ಚೀಟಿಯನ್ನೇ ನಾಲ್ಕು ಪುಟಕ್ಕೆ ಕಡಿಮೆ ಬರೆದವರಲ್ಲ.

ಕೇಳಿದವಳು ಹೆಂಡತಿ ಅಶ್ವತ್ಥಮ್ಮನ ಅಣ್ಣನ ಮಗಳು ಶ್ಯಾಮಲ. ಚಿಕ್ಕಬಳ್ಳಾಪುರದಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ಆ ಹುಡುಗಿ ೧೯೯೯ರ ಬೇಸಿಗೆಯಲ್ಲಿ ತಾನೇ ಒಂದು ಪ್ರೋಗ್ರಾಂ ಬರೆದಿದ್ದಳು. ಪ್ರಪಂಚದ ಯಾವುದೋ ಮೂಲೆಗಳಲ್ಲಿ ಕೂತ ಇಬ್ಬರು ಇಂಟರ್ನೆಟ್ಟಿನಲ್ಲಿ ಚೆಸ್ ಆಡುತ್ತಿದ್ದರೆ, ಅವರ ಒಂದೊಂದು ನಡೆಯೂ ಆಗಿಂದಾಗಲೇ ಇಲ್ಲಿನ ಪರದೆಯ ಮೇಲೆ ಮೂಡುತ್ತಿತ್ತು. ಅದಕ್ಕೆ ಫೋನಿನ ಲೈನು ಬೇಕು. ಅವಳ ಮನೆಯಲ್ಲಿ ಫೋನಿರಲಿಲ್ಲ. ಹಾಗಾಗಿ ಕಂಪ್ಯೂಟರನ್ನು ಅತ್ತೆಯ ಮನೆಗೇ ತಂದಿಟ್ಟು, ಪಡಸಾಲೆಯ ಫೋನಿನಿಂದ ಕೋಣೆಗೆ ಒಂದು ತಂತಿ ಎಳೆದಿದ್ದಳು.

ಮೊದಲ ದಿನ ಪರದೆಯ ಮೇಲೆ ಕರಿ ಕುದುರೆಯೊಂದು ತನ್ನಷ್ಟಕ್ಕೆ ತಾನೇ ನೆಗೆದಾಗ ನರಸಿಂಹಪ್ಪನವರ ಮೈ ಜುಮ್ಮೆಂದಿತು. ಕುರ್ಚಿಯಿಂದ ಎದ್ದೇ ನಿಂತರು.

"ನೋಡೇ! ಎಲ್ಲೋ ಐಸ್‌ಲ್ಯಾಂಡಿನಲ್ಲಿ ಒಬ್ಬ ಬೆರಳಾಡಿಸ್ದ, ನಮ್ಮನೇಲಿ ಕುದುರೆ ನೆಗೀತು!"

"ಬೆಳಿಗ್ಗೇನೇ ಅವನಿಗೆ ಬೇರೆ ಕೆಲ್ಸ ಇಲ್ವಾ?"

"ಅಲ್ಲಿನ್ನೂ ಬೆಳಕೇ ಹರಿದಿಲ್ಲ ಕಣೇ."

"ಹಂಗಾದ್ರೆ ಸರಿ. ಅವನ ಹೆಂಡ್ತಿ ಇನ್ನೂ ಎದ್ದಿಲ್ಲ," ಎಂದು ಅಶ್ವತ್ಥಮ್ಮ ಒಳಗೆ ಹೋದರು.

ಪ್ರೋಗ್ರಾಮನ್ನು ಊರಿನ ಚೆಸ್ ಸಂಘಕ್ಕೆ ಕೊಡುವುದು ಶ್ಯಾಮಲಳ ಆಸೆ. ಅದನ್ನು ನಡೆಸುವ ಬಗೆಯನ್ನು ಕನ್ನಡದಲ್ಲಿ ತಿಳಿಸಲೆಂದೇ ಆ ಎರಡು ಪುಟ. ಆದರೆ ಇಂಥ ಪವಾಡಕ್ಕೆ ಎರಡು ಪುಟವೇ? ಮೇಷ್ಟ್ರು ಎಪ್ಪತ್ತೊಂದು ಪುಟ ಬರೆದು 'ದೂರಚದುರಂಗ ದರ್ಶನ ದೀಪಿಕೆ' ಎಂದು ಹೆಸರಿಟ್ಟರು. (ಕಂಪ್ಯೂಟರ್ ಹಚ್ಚುವ ವಿಷಯ ಬರುವುದೇ ಇಪ್ಪತ್ತಮೂರನೇ ಪುಟದಲ್ಲಿ.) 'ಮೂಷಿಕವನ್ನು ಬಲಗೈಯಿಂದ ಮೃದುವಾಗಿ ಆಲಿಂಗಿಸಿ' ಎಂಬ ಸಾಲನ್ನು ಹೆಂಡತಿಗೆ ಓದಿ ಹೇಳಿದರು.

"ಇಲೀನ ಯಾಕ್ರೀ ತಬ್ಕೋಬೇಕು?" ಎಂದರು ಆಕೆ.

ಅವರಿಗೆ ಪ್ರಾಣಕ್ಕಿಂತ ಹೆಚ್ಚಾಗಿದ್ದದ್ದು ಒಂಬತ್ತನೇ ಅಧ್ಯಾಯ, ಧ್ಯಾನಪ್ರಕರಣ. ಭಾನುವಾರಗಳಂದು ಹನ್ನೊಂದು ಗಂಟೆಯ ಸುಮಾರಿಗೆ ಆಟ ಇದ್ದಕ್ಕಿದ್ದಂತೆ ಸ್ತಬ್ಧವಾಗುವುದನ್ನು ಅವರು ಗಮನಿಸಿದ್ದರು. ಅರ್ಧ ಗಂಟೆಯಾದರೂ ಒಂದು ಕಾಲಾಳೂ ಮಿಸುಕುತ್ತಿರಲಿಲ್ಲ. ಕೊನೆಗೆ ಹಸಿವು ತಡೆಯದೆ ಕಂಪ್ಯೂಟರ್ ಆರಿಸಿ, ಊಟ ಮಾಡಿ ಬಂದು ಮತ್ತೆ ಹಚ್ಚಿದರೆ ಅಲ್ಲಿ ಬೇರೆಯೇ ಆಟ ನಡೆಯುತ್ತಿತ್ತು. ಸಾವಿರಾರು ಮೈಲಿಯಾಚೆ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ಯೋಚಿಸುತ್ತಿದ್ದಾನೆ, ಆ ಮೌನವೂ ತಂತಿಯಲ್ಲಿ ಹರಿದು ನಮ್ಮ ಮನೆಗೆ ಬರುತ್ತಿದೆ! ಬರೆಯುತ್ತಾ ಅವರ ಕಣ್ಣು ಒದ್ದೆಯಾಗಿತ್ತು. 'ಈ ಸಮಾಧಿ ಸ್ಥಿತಿಯಲ್ಲಿ ಪ್ರೇಕ್ಷಕರು ಕೆಮ್ಮಕೂಡದು' ಎಂದು ಅಡಿಗೆರೆ ಎಳೆದಿದ್ದರು.

ಪುಸ್ತಕ ಅಚ್ಚು ಹಾಕಿಸುವುದೋ ಬೇಡವೋ ಎಂದು ತೀರ್ಮಾನಿಸಲು ಸಂಘದ ಅಧ್ಯಕ್ಷ, ರೇಷ್ಮೆ ವ್ಯಾಪಾರಿ ರಾಮಾಂಜಿನಪ್ಪ ಒಂದು ಭಾನುವಾರ ಬೆಳಿಗ್ಗೆ ಐದಾರು ಸದಸ್ಯರೊಂದಿಗೆ ಬಂದರು. ಶ್ಯಾಮಲಳ ಬಸ್ಸು ಇನ್ನೂ ಬಂದಿರಲಿಲ್ಲ. ದೀಪಿಕೆಯನ್ನು ಕೈಯಲ್ಲಿ ಹಿಡಿದು ಮೇಷ್ಟ್ರೇ ಆಟ ಹಚ್ಚಿದರು. ಕುದುರೆ ನೆಗೆಯಿತು, ಒಂಟೆ ಓಡಿತು. ನೆರೆದವರು ಬಾಯಿ ತೆರೆದು ನೋಡಿದರು. ಹನ್ನೊಂದಾಗುತ್ತಲೇ ಎಲ್ಲವೂ ನಿಂತಿತು.

"ಶುರುವಾಯ್ತು," ಎಂದು ಮೇಷ್ಟ್ರು ಪಿಸುಗುಟ್ಟಿದರು. "ಒಂಬತ್ತನೇ ಅಧ್ಯಾಯ."

ಯಾರೂ ಅಲುಗಾಡಲಿಲ್ಲ. ಒಬ್ಬರು ಸೀನು ಬಂತೆಂದು ಬೀದಿಗೆ ಓಡಿ, ಸೀನಿ, ತುದಿಗಾಲಲ್ಲಿ ವಾಪಸು ಬಂದರು. ನಲವತ್ತು ನಿಮಿಷ ಕಳೆದ ಮೇಲೆ ರಾಮಾಂಜಿನಪ್ಪ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಂಥಾ ಏಕಾಗ್ರತೆ ಮೇಷ್ಟ್ರೇ! ನಾವು ಎರಡು ನಿಮಿಷ ಯೋಚ್ನೆ ಮಾಡಿದ್ರೆ ತಲೆ ಕಾಯ್ತದೆ. ಪುಸ್ತಕ ಅಚ್ಚಾಗ್ಲೇಬೇಕು."

ಅಷ್ಟರಲ್ಲಿ ಅಶ್ವತ್ಥಮ್ಮ ಕಾಫಿ ತಂದರು. ಏಳು ಜನ ಗಂಡಸರು ಕೈಕಟ್ಟಿ ಕೂತಿದ್ದನ್ನು ಕಂಡು ಗಾಬರಿಯಾದರು.

"ಏನ್ರೀ ಆಯ್ತು? ಯಾರಾದ್ರೂ ಹೋಗ್ಬಿಟ್ರಾ?"

"ಶ್! ಆ ಮಹಾನುಭಾವ ಯೋಚ್ನೆ ಮಾಡ್ತಾ ಇದಾನೆ. ನಲವತ್ತು ನಿಮಿಷದಿಂದ."

"ಅದೆಂಗೆ? ಇಷ್ಟೊತ್ತೂ ಫೋನಲ್ಲಿ ನಾನು ಕೈವಾರದ ಅಕ್ಕಯ್ಯಮ್ಮನ ಹತ್ರ ಮಾತಾಡ್ತಿದ್ನಲ್ಲ? ಎತ್ತಿದಾಗ ಕೀಂಯ್ ಅಂತಿತ್ತು. ಎರಡು ಸಲ ಕುಕ್ಕಿದೆ, ಸರಿಹೋಯ್ತು. ಭಾನುವಾರ ಯಾವಾಗ್ಲೂ ಹಂಗೇ ಅಂತದೆ."

ಆಗ ತಾನೇ ಬಸ್ಸಿಳಿದು ಬಂದ ಶ್ಯಾಮಲ ಇದನ್ನು ಕೇಳಿ ಹೊಸ್ತಿಲ ಮೇಲೇ ಕುಸಿದು ಕೂತು ನಕ್ಕಳು.

"ಲೈನ್ ಕಟ್ ಆದ್ರೆ ಆಟ ಅಲ್ಲೇ ನಿಂತೋಗ್ತದೆ ಮಾವ! ಕಟ್ ಆಯ್ತು ಅಂತ ತೋರಿಸೋಕೆ ನಾನು ಇನ್ನೂ ಏನೂ ಬರ್ದಿಲ್ಲ."

"ಹಂಗಾದ್ರೆ ನಾವು ನಲವತ್ತು ನಿಮಿಷ ನೋಡಿದ್ದೇನು?" ಎಂದು ರಾಮಾಂಜಿನಪ್ಪ ಕೇಳಿದರು.

ಶ್ಯಾಮಲ ಮತ್ತೆ ಲೈನು ಹಚ್ಚಿದಳು. ಫೋನಿನ ತಂತಿ ಸಿಕ್ಕಿಸಿದ್ದ ಮೋಡೆಮ್ ಡಬ್ಬಿ ಕಿರುಚಿ, ಗೊರಗುಟ್ಟಿ ಸುಮ್ಮನಾಯಿತು. ಹಳೆಯ ಆಟ ಯಾವಾಗಲೋ ಮುಗಿದಿತ್ತು. ಇನ್ನೊಂದು ತೆರೆಯಿತು: ಒಬ್ಬ ಅರ್ಜೆಂಟೀನಾದವನು, ಇನ್ನೊಬ್ಬ ಫಿನ್‌ಲ್ಯಾಂಡಿನವನು. ಬಿಳಿಯ ಮಂತ್ರಿ ಮಣೆಯ ಈ ತುದಿಯಿಂದ ಆ ತುದಿಗೆ ಸರ್ರನೆ ಹಾರಿತು. ಎದುರಿನವನು ಒಂದು ನಿಮಿಷ ತಡೆದ. ಆ ಒಂದು ನಿಮಿಷ ಉಸಿರಿಲ್ಲ, ಕೆಮ್ಮಿಲ್ಲ. ಕಾಫಿ ಆರುತ್ತಿದ್ದರೂ ತಟ್ಟೆ ಹಿಡಿದ ಅಶ್ವತ್ಥಮ್ಮ ಕದಲಲಿಲ್ಲ. ಆಮೇಲೆ ಕರಿ ರಾಜ ಮೆಲ್ಲಗೆ ಒಂದೇ ಒಂದು ಮನೆ ಪಕ್ಕಕ್ಕೆ ಸರಿದ.

"ಅಯ್ಯೋ ದೇವುಡಾ," ಎಂದರು ಆಕೆ. "ಪಾಪ, ಹೆದರ್ಕೊಂಡ."

ನರಸಿಂಹಪ್ಪನವರು ಎಪ್ಪತ್ತೊಂದು ಪುಟ ಬರೆದೂ ಹೇಳಲಾಗದ್ದನ್ನು ಆಕೆ ಎರಡು ಮಾತಿನಲ್ಲಿ ಹೇಳಿಬಿಟ್ಟಿದ್ದರು. ರಾಮಾಂಜಿನಪ್ಪ ಮೇಷ್ಟ್ರ ಕೈಯಿಂದ ದೀಪಿಕೆಯನ್ನು ತೆಗೆದುಕೊಂಡು, ಮಡಿಸಿ ಮೇಜಿನ ಮೇಲಿಟ್ಟು ಆಕೆಯ ಕಡೆ ತಿರುಗಿದರು.

"ಅಮ್ಮಾ, ಆ ಎರಡು ಪುಟ ನೀವೇ ಹೇಳ್ಬಿಡಿ, ಮೇಷ್ಟ್ರು ಬರ್ಕೊಳ್ತಾರೆ."

ಮೇಷ್ಟ್ರು ತೆಪ್ಪಗೆ ಪೆನ್ನು ತೆಗೆದರು. ಅಶ್ವತ್ಥಮ್ಮ ಸೆರಗು ಸರಿಮಾಡಿಕೊಂಡು ಶುರುಮಾಡಿದರು:

"ಮೊದಲ್ನೇದು. ಆಟ ನೋಡೋವಾಗ ಮನೇಲಿ ಯಾರೂ ಫೋನ್ ಮುಟ್ಬೇಡಿ. ಬರ್ದ್ರಾ? ಎಲ್ಲಿ, ಓದಿ."

"'ಕ್ರೀಡಾವೀಕ್ಷಣೆಯ ಸಮಯದಲ್ಲಿ ಗೃಹಸ್ಥರು ದೂರವಾಣಿಯನ್ನು ಸ್ಪರ್ಶಿಸತಕ್ಕದ್ದಲ್ಲ...'"

"ಹೊಡೆದಾಕ್ರಿ ಅದನ್ನ," ಎಂದರು ಅಶ್ವತ್ಥಮ್ಮ.

ಮೇಷ್ಟ್ರು ಹೊಡೆದುಹಾಕಿದರು.